ಪ್ರಾರ್ಥನೆ ಮಾಡಿದರೂ ನೆಮ್ಮದಿ ಇಲ್ಲ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಆಫೀಸಿನಲ್ಲಿ ವಿಪರೀತ ಒತ್ತಡ. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ರಾತ್ರಿ ನಿದ್ದೆ ಇಲ್ಲ, ಎದೆ ಭಾರ. ದಿನಾ ಪ್ರಾರ್ಥನೆ ಮಾಡುತ್ತೇನೆ, ಚರ್ಚ್ ತಪ್ಪಿಸುವುದಿಲ್ಲ. ‘ನಂಬಿಕೆ ಇದ್ದರೆ ಚಿಂತೆ ಯಾಕೆ?’ ಎಂದು ಎಲ್ಲರೂ ಕೇಳುತ್ತಾರೆ. ನನ್ನ ನಂಬಿಕೆಯೇ ಕಡಿಮೆಯಾ?

ಸೋದರಿ, ಬೈಬಲ್ಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿದ ಪ್ರವಾದಿ ಎಲೀಯ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ‘ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ’ ಅನ್ನುತ್ತಾನೆ. ಅವನಿಗಿಂತ ನಂಬಿಕೆಯವರು ಬೇಕಾ? ದೇವದೂತ ಬಂದು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ತಟ್ಟಿ ಎಬ್ಬಿಸಿ ‘ಎದ್ದು ಊಟ ಮಾಡು’ ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದ. ಹೋರೇಬ್ ಬೆಟ್ಟಕ್ಕೆ ಹೋಗಿದ್ದು, ಅಲ್ಲಿ ದೇವರ ಮೆಲ್ಲಗಿನ ದನಿ ಕೇಳಿದ್ದು ಎಲ್ಲ ಆಮೇಲೆ. ಅಲ್ಲಿಯೂ ದೇವರು ಅವನಿಗೆ ಸುಮ್ನೆ ಧೈರ್ಯ ಹೇಳಿ ಕಳಿಸಲಿಲ್ಲ, ಜೊತೆಗೆ ಸಹಾಯಕನಾಗಿ ಎಲೀಷನನ್ನು ಕೊಟ್ಟ. ನಿಮಗೂ ಮೊದಲು ಬೇಕಾದದ್ದು ನಿದ್ದೆ, ಊಟ, ಕೈಜೋಡಿಸುವ ಒಬ್ಬರು. ಇದನ್ನು ದೇವರ ಹತ್ತಿರ ಕೇಳಿದರೆ ಸಣ್ಣತನ ಏನಲ್ಲ.
– ಒಬ್ಬ ಸಂಡೇ ಸ್ಕೂಲ್ ಟೀಚರ್

ಯೇಸುವಿನ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ ‘ಯಾವುದಕ್ಕೂ ಚಿಂತೆ ಮಾಡಬೇಡಿರಿ’ ಎಂಬ ಮಾತನ್ನು ನಿಮಗೆ ಎಲ್ಲರೂ ಹೇಳಿರುತ್ತಾರೆ. ಅದು 4ನೇ ಅಧ್ಯಾಯ. ಅದೇ ಪತ್ರದ 2ನೇ ಅಧ್ಯಾಯವನ್ನು ಯಾರೂ ಹೇಳುವುದಿಲ್ಲ. ಗೆಳೆಯ ಎಪಫ್ರೊದೀತ ಕಾಯಿಲೆಯಿಂದ ಸಾಯುವ ಹಾಗಾಗಿದ್ದ, ಅವನನ್ನು ಊರಿಗೆ ಕಳಿಸಿದರೆ ನನ್ನ ಚಿಂತೆ ಕಡಿಮೆಯಾಗುತ್ತದೆ ಎಂದು ಪೌಲನೇ ಬರೆದಿದ್ದಾನೆ, ಅದೂ ಸೆರೆಯಲ್ಲಿ ಕೂತು! ಪೌಲನಿಗೇ ಚಿಂತೆ ಇತ್ತು ಅಂದಮೇಲೆ ನಿಮ್ಮನ್ನು ಕೇಳಲು ಇವರು ಯಾರು? ನಾನಂತೂ ಚೆಂದದ ಮಾತು ಜೋಡಿಸಿ ಪ್ರಾರ್ಥಿಸುವುದನ್ನು ಬಿಟ್ಟಿದ್ದೇನೆ. ‘ನಾಳೆ ಬಾಸ್ ಮುಂದೆ ನಿಲ್ಲಲು ಭಯ’ ಎಂದು ನೇರವಾಗಿ ಹೇಳುತ್ತೇನೆ. ಮಾತೇ ಬರದ ದಿನ ಬೈಬಲ್ಲಿನ 13ನೇ ಕೀರ್ತನೆ ಓದುತ್ತೇನೆ. ‘ಇನ್ನೂ ಎಷ್ಟು ಕಾಲ?’ ಎಂದು ದೇವರನ್ನೇ ಜಗ್ಗಿ ಕೇಳುವ ಪ್ರಾರ್ಥನೆ ಅದು. ಭಯ ಮಾಯವಾಗುವುದಿಲ್ಲ. ಆದರೆ ಅದನ್ನು ಒಬ್ಬಳೇ ಹೊತ್ತಿದ್ದೇನೆ ಅನ್ನಿಸುವುದಿಲ್ಲ.
– ಬ್ಯಾಂಕ್ ಉದ್ಯೋಗಿ

ಮೇಲಿನವರು ಏನೇ ಹೇಳಲಿ, ಬೆಳಗಿನ ಪ್ರಾರ್ಥನೆ ಮಾತ್ರ ಬಿಡಬೇಡಿ. ಯೇಸುಸ್ವಾಮಿಯೇ ಇನ್ನೂ ಕತ್ತಲಿರುವಾಗ ಎದ್ದು, ಜನರಿಲ್ಲದ ಕಡೆ ಹೋಗಿ ಪ್ರಾರ್ಥಿಸುತ್ತಿದ್ದರು. ಫೋನ್ ಮುಟ್ಟುವ ಮುಂಚೆ ಹತ್ತು ನಿಮಿಷ ಸಾಕು.
– ಇಬ್ಬರು ಮೊಮ್ಮಕ್ಕಳ ಅಜ್ಜಿ

ನಾನು ನರ್ಸ್. ಎದೆ ಭಾರ ಅಂದಿದ್ದೀರಿ. ಅದನ್ನು ಮನಸ್ಸಿನದ್ದೇ ಅಂತ ಅಂದುಕೊಂಡು ಕೂರಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಹೃದಯಕ್ಕೆ ಏನೂ ತೊಂದರೆ ಇಲ್ಲ ಎಂದಾದಮೇಲೂ ನಿದ್ದೆ ಬರದಿದ್ದರೆ ಮನೋವೈದ್ಯರ ಹತ್ತಿರ ಹೋಗಲು ಹಿಂಜರಿಕೆ ಬೇಡ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಅಂತ ಯಾರಾದರೂ ಅಂದರೆ, ಪೌಲನ ಜೊತೆಯಲ್ಲಿದ್ದ ಲೂಕ ವೈದ್ಯನಾಗಿದ್ದ ಅಂತ ನೆನಪಿಸಿ. ಪೌಲ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ‘ಪ್ರಿಯ ವೈದ್ಯ’ ಅಂತಲೇ ಇದೆ.
– ಹೆಸರು ಬೇಡ

ಪತ್ರವನ್ನು ಎರಡು ಸಲ ಓದಿದೆ. ಅತ್ತೆ ಬಂದರು, ಆಫೀಸ್ ಬಂತು, ಚರ್ಚ್ ಬಂತು. ನಿಮ್ಮ ಯಜಮಾನರು ಎಲ್ಲೂ ಬರಲಿಲ್ಲ. ಹಾಸಿಗೆ ಹಿಡಿದವರು ಅವರ ತಾಯಿಯಲ್ವಾ? ವಾರದಲ್ಲಿ ಮೂರು ರಾತ್ರಿ ಅವರು ಎದ್ದು ನೋಡಿಕೊಳ್ಳಲಿ. ನೀವು ಬಾಗಿಲು ಹಾಕಿಕೊಂಡು ಮಲಗಿ.
– ಒಬ್ಬ ಗಂಡಸು, ಇಬ್ಬರು ಮಕ್ಕಳ ತಂದೆ