ಅಪ್ಪನ ಸೋಡಿಯಂ 126: ಉಪ್ಪು ಕೊಡಬೇಕೇ, ಬೇಡವೇ?

ಸಿಂದಗಿಯ ಮಗಳು:
ಅಪ್ಪನಿಗೆ 72 ವರ್ಷ. ಹೃದಯದ ಪಂಪಿಂಗ್ ಶೇ. 30 ಎಂದು ಎಕೋದಲ್ಲಿ (ಹೃದಯದ ಸ್ಕ್ಯಾನ್) ಬಂದಿದೆ. ಈಗ ರಕ್ತಪರೀಕ್ಷೆಯಲ್ಲಿ ಸೋಡಿಯಂ 126. ವಿಜಯಪುರದ ವೈದ್ಯರು ಚೀಟಿಯಲ್ಲಿ ಬರೆದದ್ದು ಎರಡೇ ಮಾತು: ನೀರು ದಿನಕ್ಕೆ ಒಂದೂವರೆ ಲೀಟರ್ ಮೀರಬಾರದು, ಉಪ್ಪು ಕಡಿಮೆ ಮಾಡಿ. ರಕ್ತದಲ್ಲಿ ಉಪ್ಪು ಇಳಿದಿದೆ ಎಂದ ಮೇಲೆ ಉಪ್ಪು ಬಿಡಿ ಎನ್ನುವುದು ಯಾವ ನ್ಯಾಯ? ಓಣಿಯವರೆಲ್ಲ ಇಂಡಿ ನಿಂಬೆಯ ಶರಬತ್ತಿಗೆ ಉಪ್ಪು ಹಾಕಿ ಕೊಡು ಎನ್ನುತ್ತಿದ್ದಾರೆ. ಬಿಸಿಲು ನಲವತ್ತು ದಾಟಿದೆ, ಅಪ್ಪ ದಿನವಿಡೀ ನೀರು ಕೇಳುತ್ತಾರೆ. ಮಾತು ಸ್ಪಷ್ಟವಾಗಿದೆ, ಆದರೆ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಾರೆ.

ಇಂಡಿಯವ:
ನಮ್ಮ ಚಿಕ್ಕಪ್ಪನಿಗೂ ಸೋಡಿಯಂ ಇಳಿದಿತ್ತು. ಉಪ್ಪು ಕೊಟ್ಟೆವು, ಎದ್ದು ಕುಳಿತರು. ಧೈರ್ಯವಾಗಿ ಕೊಡಿ.

ನವನಗರದ ನರ್ಸ್, ಬಾಗಲಕೋಟೆ:
ಧೈರ್ಯವಾಗಿ ಕೊಡಬೇಡಿ. ಆ ಚಿಕ್ಕಪ್ಪನಿಗೆ ವಾಂತಿ ಭೇದಿಯಾಗಿ ಉಪ್ಪು ಹೋಗಿದ್ದಿರಬಹುದು. ನಿಮ್ಮ ಅಪ್ಪನದು ಬೇರೆ ಕಥೆ.

ಸೋತ ಹೃದಯ ಸಾಕಷ್ಟು ರಕ್ತ ತಳ್ಳದಿದ್ದಾಗ ಮೈಯಲ್ಲಿ ನೀರೇ ಇಲ್ಲವೆಂಬ ಸುಳ್ಳು ಸುದ್ದಿ ಹಬ್ಬುತ್ತದೆ. ಮೆದುಳು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುತ್ತದೆ, ಮೂತ್ರಪಿಂಡ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಯಾರಿಕೆಯೂ ಅದೇ ಸುಳ್ಳಿನ ಮಗು. ಹೀಗೆ ಮೈಯಲ್ಲಿ ಒಟ್ಟು ಉಪ್ಪು ಹೆಚ್ಚೇ ಇರುತ್ತದೆ, ನೀರು ಅದನ್ನೂ ಮೀರಿರುತ್ತದೆ. ಸಾರಿಗೆ ನೀರು ಸುರಿದರೆ ಸಪ್ಪೆಯಾಗುತ್ತದೆಯಲ್ಲ, ಉಪ್ಪೆಲ್ಲಿಗೆ ಹೋಯಿತು? ಈಗ ಇನ್ನಷ್ಟು ಉಪ್ಪು ಕೊಟ್ಟರೆ ಬಾಯಾರಿಕೆ ಕೆರಳಿ, ಕಾಲು ಊದಿ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಓಆರ್‌ಎಸ್ ಕೂಡ ಉಪ್ಪುನೀರೇ.

135ರಿಂದ 145 ಸಹಜ ಮಟ್ಟ. 126 ತಾತ್ಸಾರ ಮಾಡುವ ಅಂಕಿಯಲ್ಲ. ಗೋಡೆ ಹಿಡಿಯುವುದನ್ನು ಇಂದೇ ವೈದ್ಯರಿಗೆ ತಿಳಿಸಿ. ಗೊಂದಲ, ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ಫಿಟ್ಸ್ ಕಂಡರೆ ನೇರ ಆಸ್ಪತ್ರೆಗೆ ಹೋಗಿ. ಅಲ್ಲಿ ‘ಒಂದು ಬಾಟಲಿ ಏರಿಸಿ ಬೇಗ ಸರಿ ಮಾಡಿ’ ಎಂದು ಮಾತ್ರ ಜಗಳಕ್ಕೆ ನಿಲ್ಲಬೇಡಿ (ದಿನಾ ಯಾರಾದರೊಬ್ಬರು ನಿಲ್ಲುತ್ತಾರೆ). 24 ಗಂಟೆಯಲ್ಲಿ 8–10 ಅಂಕಿಗಿಂತ ಹೆಚ್ಚು ಏರಿದರೆ ಮೆದುಳಿನ ನರಗಳಿಗೇ ಪೆಟ್ಟು ಬೀಳಬಹುದು.

ಸಿಂದಗಿಯ ಮಗಳು:
ಈಗ ತಿಳಿಯಿತು. ಹಾಗಾದರೆ ಮಜ್ಜಿಗೆ? ಅಂಗಡಿಯಲ್ಲಿ ‘ಕಡಿಮೆ ಸೋಡಿಯಂ’ ಉಪ್ಪು ಎಂದು ಸಿಗುತ್ತದೆ, ಅದಾದರೂ ಆದೀತೇ?

ಮುದ್ದೇಬಿಹಾಳದಿಂದ:
ನಮ್ಮ ತಾಯಿಗೂ ಇದೇ ಕಟ್ಟುಪಾಡು ಇದೆ. ಬೆಳಿಗ್ಗೆಯೇ ಒಂದೂವರೆ ಲೀಟರನ್ನು ಸ್ಟೀಲ್ ತಂಬಿಗೆಯಲ್ಲಿ ಅಳೆದಿಡುತ್ತೇವೆ. ಚಹಾ, ಮಜ್ಜಿಗೆ, ತಿಳಿಸಾರು ಕೊಟ್ಟಾಗ ಅಷ್ಟೇ ನೀರನ್ನು ತಂಬಿಗೆಯಿಂದ ತೆಗೆಯುತ್ತೇವೆ. ಲೋಟದ ಬದಲು ಚಿಕ್ಕ ಬಟ್ಟಲು ಕೊಟ್ಟೆವು, ಗುಟುಕು ಗುಟುಕಾಗಿ ಕುಡಿಯುತ್ತಾರೆ. ಬಾಯಿ ಒಣಗಿದಾಗ ಮುಕ್ಕಳಿಸಿ ಉಗುಳುವುದು, ಇಲ್ಲವೇ ಒಂದು ಚೂರು ಐಸ್. ರೊಟ್ಟಿಯ ಜೊತೆ ಶೇಂಗಾ ಚಟ್ನಿ ಬಿಡಿಸುವುದಕ್ಕೆ ಮಾತ್ರ ಮನೆಯಲ್ಲಿ ಮಹಾಯುದ್ಧವೇ ನಡೆಯಿತು. ಈಗ ಅವರಿಗೆಂದೇ ಉಪ್ಪಿಲ್ಲದೆ ಬೇರೆ ಕುಟ್ಟುತ್ತೇವೆ, ಬೆಳ್ಳುಳ್ಳಿ ಜಾಸ್ತಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ನೀರು, ಕೊಬ್ಬಲ್ಲ.

ನವನಗರದ ನರ್ಸ್, ಬಾಗಲಕೋಟೆ:
ತಂಬಿಗೆಯ ಉಪಾಯ ನಮ್ಮ ವಾರ್ಡಿನಲ್ಲೂ ಹೇಳುತ್ತೇನೆ. ಕಲ್ಲಂಗಡಿಯೂ ನೀರಿನ ಲೆಕ್ಕಕ್ಕೇ ಸೇರುತ್ತದೆ. ‘ಕಡಿಮೆ ಸೋಡಿಯಂ’ ಉಪ್ಪು ಬೇಡ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಅಪ್ಪ ಹೃದಯಕ್ಕೆಂದು ಸ್ಪೈರೊನೊಲ್ಯಾಕ್ಟೋನ್ ಅಥವಾ ರಾಮಿಪ್ರಿಲ್‌ನಂಥ ಮಾತ್ರೆ ನುಂಗುತ್ತಿದ್ದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು.

ಇನ್ನೊಂದು. ಬಿ.ಪಿ.ಗೆಂದು ಕೊಡುವ ಹೈಡ್ರೋಕ್ಲೋರೋಥಯಜೈಡ್, ಕೆಲವು ಖಿನ್ನತೆಯ ಮಾತ್ರೆಗಳು ಮತ್ತು ಫಿಟ್ಸ್‌ಗೆಂದು ಕೊಡುವ ಕಾರ್ಬಮಜೆಪಿನ್ ಕೂಡ ಸೋಡಿಯಂ ಇಳಿಸುತ್ತವೆ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ವೈದ್ಯರ ಬಳಿಗೆ ಹೋಗುವಾಗ ಚೀಟಿಯೊಂದೇ ಸಾಲದು, ಮಾತ್ರೆಯ ಡಬ್ಬಿಯನ್ನೇ ಒಯ್ಯಿರಿ; ಚೀಟಿಯಲ್ಲಿಲ್ಲದ ಮಾತ್ರೆಗಳು ಅದರಲ್ಲಿ ಇದ್ದೇ ಇರುತ್ತವೆ.