ಒಡಂಬಡಿಕೆಯ 27ನೇ ವಿಧಿ ಬಾಗೇಪಲ್ಲಿಯ ವಿದ್ಯಾರ್ಥಿನಿಗೂ ಅನ್ವಯಿಸುತ್ತದೆಯೇ?

ಪ್ರಶ್ನೆ: ಬಾಗೇಪಲ್ಲಿಯ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಪಿಯುಸಿ ವಿದ್ಯಾರ್ಥಿಗಳಿಗೆ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಕಳೆದ ವಾರ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 27ನೇ ವಿಧಿಯನ್ನು ವಿವರಿಸುತ್ತಿದ್ದೆ. ಜನಾಂಗೀಯ, ಧಾರ್ಮಿಕ ಅಥವಾ ಭಾಷಿಕ ಅಲ್ಪಸಂಖ್ಯಾತರಿರುವ ದೇಶಗಳಲ್ಲಿ, ಅವರು ತಮ್ಮವರೊಡನೆ ಕೂಡಿ ತಮ್ಮ ಸಂಸ್ಕೃತಿಯಂತೆ ಬದುಕುವ, ತಮ್ಮ ಧರ್ಮವನ್ನು ಆಚರಿಸುವ, ತಮ್ಮ ಭಾಷೆಯನ್ನು ಬಳಸುವ ಹಕ್ಕನ್ನು ನಿರಾಕರಿಸುವಂತಿಲ್ಲ ಎಂಬುದು ಅದರ ಸಾರ. ಮನೆಯಲ್ಲಿ ತೆಲುಗು ಮಾತನಾಡುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಮೇಡಂ, ಇದು ನನಗೂ ಅನ್ವಯಿಸುತ್ತದೆಯೇ? ಯಾರಾದರೂ ಇದನ್ನು ಮೀರಿದರೆ ನಾನು ಎಲ್ಲಿಗೆ ಹೋಗಿ ಕೇಳಬೇಕು?" ಎಂದಳು. ಮೊದಲನೆಯದಕ್ಕೆ ಹೌದು ಎಂದೆ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಕೋಲಾರದ ವಕೀಲ

ಮೇಡಂ, ನೇರವಾಗಿ ಹೇಳುತ್ತೇನೆ. ಭಾರತವು ಈ ಒಡಂಬಡಿಕೆಯನ್ನು 1979ರಲ್ಲಿ ಒಪ್ಪಿಕೊಂಡಿತು. ಆದರೆ ವ್ಯಕ್ತಿಗಳು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಡಲು ಅವಕಾಶ ನೀಡುವ ಐಚ್ಛಿಕ ಒಪ್ಪಂದಕ್ಕೆ ಇಂದಿಗೂ ಸೇರಿಲ್ಲ. ಆದ್ದರಿಂದ ನಿಮ್ಮ ವಿದ್ಯಾರ್ಥಿನಿ ಜಿನೀವಾಕ್ಕೆ ದೂರು ಬರೆದರೆ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವ ಅಧಿಕಾರ ಆ ಸಮಿತಿಗಿಲ್ಲ. ಇದು ಸಣ್ಣ ಕೊರತೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಬಾಗಿಲು ತೆರೆದಿರುವ ದೇಶದಲ್ಲಿ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಸಾಂಡ್ರಾ ಲವ್‌ಲೇಸ್ ಅವರ ಪ್ರಕರಣವನ್ನು ತರಗತಿಯಲ್ಲಿ ಹೇಳಿ. ಅವರು ಮಲಿಸೀಟ್ ಎಂಬ ಮೂಲನಿವಾಸಿ ಸಮುದಾಯದವರು. 1970ರಲ್ಲಿ ಸಮುದಾಯದ ಹೊರಗಿನವರನ್ನು ಮದುವೆಯಾದ ಕಾರಣಕ್ಕೆ ಅಲ್ಲಿನ ಕಾನೂನಿನ ಪ್ರಕಾರ ಅವರ ಮೂಲನಿವಾಸಿ ಸ್ಥಾನವೇ ಹೋಯಿತು. ಹೊರಗಿನವರನ್ನು ಮದುವೆಯಾದ ಗಂಡಸರಿಗೆ ಈ ನಿಯಮ ಇರಲಿಲ್ಲ. ವಿವಾಹ ಮುರಿದ ಮೇಲೆ ಟೋಬಿಕ್ ಮೀಸಲು ಪ್ರದೇಶದ ತಮ್ಮ ತವರಿಗೆ ಮರಳಿದಾಗ ಅಲ್ಲಿ ವಾಸಿಸುವ ಹಕ್ಕು ಅವರಿಗೆ ಇಲ್ಲವಾಗಿತ್ತು. 1977ರ ಕೊನೆಯಲ್ಲಿ ಅವರು ಕೊಟ್ಟ ದೂರನ್ನು ಪರಿಶೀಲಿಸಿದ ಸಮಿತಿ, 1981ರಲ್ಲಿ, ತಮ್ಮ ಭಾಷೆ ಮತ್ತು ಸಂಸ್ಕೃತಿ ಉಸಿರಾಡುವ ಜಾಗದಿಂದ ಅವರನ್ನು ದೂರವಿಟ್ಟದ್ದು 27ನೇ ವಿಧಿಯ ಉಲ್ಲಂಘನೆ ಎಂದು ಅಭಿಪ್ರಾಯಪಟ್ಟಿತು. ಸಮಿತಿಗೆ ಪೊಲೀಸರಿಲ್ಲ, ಅಮೀನರಿಲ್ಲ. ಆದರೂ 1985ರಲ್ಲಿ ಕೆನಡಾ ತನ್ನ ಕಾನೂನನ್ನು ತಿದ್ದಿತು.

ನಮಗಿರುವ ದಾರಿ ದೇಶದೊಳಗಿನ ನ್ಯಾಯಾಲಯ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯು ಮಾನವ ಹಕ್ಕು ಎಂಬ ಪದವನ್ನು ವಿವರಿಸುವಾಗಲೇ ಈ ಒಡಂಬಡಿಕೆಯನ್ನು ಹೆಸರಿಸುತ್ತದೆ. ದೇಶದ ಕಾನೂನು ಮೌನವಾಗಿರುವ ಕಡೆ ಅಂತಾರಾಷ್ಟ್ರೀಯ ಒಪ್ಪಂದವನ್ನು ಆಧಾರವಾಗಿ ಬಳಸಬಹುದು ಎಂಬುದನ್ನು ಸುಪ್ರೀಂ ಕೋರ್ಟ್, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ಕುರಿತಾದ 1997ರ ವಿಶಾಖಾ ಪ್ರಕರಣದಲ್ಲಿ ತೋರಿಸಿದೆ.

ಉತ್ತರ: ಪಾವಗಡದ ನಿವೃತ್ತ ಶಿಕ್ಷಕ

ವಕೀಲರು ಹೇಳಿದ್ದಕ್ಕೆ ಹಿಂದಿನ ಒಂದು ಅಧ್ಯಾಯವನ್ನು ಸೇರಿಸುತ್ತೇನೆ. ಮೊದಲ ಮಹಾಯುದ್ಧದ ನಂತರ, 1919ರಿಂದ, ಪೋಲೆಂಡ್ ಮುಂತಾದ ದೇಶಗಳು ಅಲ್ಪಸಂಖ್ಯಾತರ ರಕ್ಷಣೆಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅದರ ಮೇಲ್ವಿಚಾರಣೆ ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಸಂಘದ್ದು. ಗೆದ್ದ ದೊಡ್ಡ ದೇಶಗಳು ಮಾತ್ರ ಅಂಥ ಕಟ್ಟುಪಾಡನ್ನು ತಮ್ಮ ಮೇಲೆ ಹಾಕಿಕೊಳ್ಳಲಿಲ್ಲ. ಆ ವ್ಯವಸ್ಥೆ ಕುಸಿಯಲು ಈ ತಾರತಮ್ಯವೂ ಒಂದು ಕಾರಣ.

ಆದರೆ ಅದರಿಂದ ಹುಟ್ಟಿದ ಒಂದು ಅಭಿಪ್ರಾಯ ನನಗೆ ಬಹಳ ಮುಖ್ಯವೆನಿಸುತ್ತದೆ. ಅಲ್ಬೇನಿಯಾ 1933ರಲ್ಲಿ ತನ್ನ ಸಂವಿಧಾನವನ್ನು ತಿದ್ದಿ ಎಲ್ಲ ಖಾಸಗಿ ಶಾಲೆಗಳನ್ನೂ ಮುಚ್ಚಿಸಿತು. ಗ್ರೀಕ್ ಅಲ್ಪಸಂಖ್ಯಾತರ ಶಾಲೆಗಳೂ ಮುಚ್ಚಿದವು. ನಿಯಮ ಎಲ್ಲರಿಗೂ ಒಂದೇ, ಹಾಗಾಗಿ ಭೇದವಿಲ್ಲ ಎಂಬುದು ಸರ್ಕಾರದ ವಾದ. 1935ರ ಏಪ್ರಿಲ್‌ನಲ್ಲಿ ಹೇಗ್‌ನಲ್ಲಿ ಆಗ ಇದ್ದ ಕಾಯಂ ಅಂತಾರಾಷ್ಟ್ರೀಯ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸಮಾನತೆ ಕಾನೂನಿನಲ್ಲಿದ್ದರೆ ಸಾಲದು, ವಾಸ್ತವದಲ್ಲೂ ಇರಬೇಕು ಎಂದಿತು.

ಮೂರು ಕಡೆ ಆಂಧ್ರ ಸುತ್ತುವರಿದ ನಮ್ಮ ತಾಲ್ಲೂಕಿನಲ್ಲಿ ಪಾಠ ಮಾಡಿದ ನನಗೆ ಆ ಮಾತು ಪುಸ್ತಕದ ಮಾತಲ್ಲ. ಒಂದನೇ ತರಗತಿಯಲ್ಲಿ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಲೆಕ್ಕ. ಕನ್ನಡದಲ್ಲಿ ಕೇಳಿದಾಗ ತಲೆ ತಗ್ಗಿಸಿ ಕೂರುತ್ತಿದ್ದ ಮಗುವಿಗೆ ಅದೇ ಲೆಕ್ಕವನ್ನು ತೆಲುಗಿನಲ್ಲಿ ಒಮ್ಮೆ ಹೇಳಿದರೆ ಸ್ಲೇಟು ತುಂಬಿ ಬರುತ್ತಿತ್ತು. ಆ ಮಕ್ಕಳು ವರ್ಷ ಕಳೆಯುವುದರೊಳಗೆ ಕನ್ನಡವನ್ನೂ ಸೊಗಸಾಗಿ ಕಲಿತರು. ಅವರ ಮನೆಮಾತಿಗೆ ಜಾಗ ಕೊಟ್ಟದ್ದರಿಂದ ಕನ್ನಡಕ್ಕೆ ಯಾವ ನಷ್ಟವೂ ಆಗಲಿಲ್ಲ.

ಉತ್ತರ: ಕೆಜಿಎಫ್ ಮೂಲದವನು

ನನ್ನದೊಂದು ತಕರಾರಿದೆ. 27ನೇ ವಿಧಿಯಾಗಲಿ, 1992ರ ಡಿಸೆಂಬರ್ 18ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಅಲ್ಪಸಂಖ್ಯಾತರ ಘೋಷಣೆಯಾಗಲಿ, ಹಕ್ಕನ್ನು ಕೊಡುವುದು ಸಮುದಾಯಕ್ಕಲ್ಲ, ಅದಕ್ಕೆ ಸೇರಿದ ವ್ಯಕ್ತಿಗಳಿಗೆ. ನಾನು ಚಿನ್ನದ ಗಣಿಯ ಕಾಲೊನಿಯ ತಮಿಳು ಮನೆಯಲ್ಲಿ ಬೆಳೆದವನು. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಸಾಲಿನ ಎಷ್ಟೋ ಮನೆಯವರು ಕೆಲಸ ಹುಡುಕಿಕೊಂಡು ಊರು ಬಿಟ್ಟರು. ಯಾರೂ ನಮ್ಮ ಭಾಷೆಯನ್ನು ನಿಷೇಧಿಸಲಿಲ್ಲ. ಆದರೂ ಅದನ್ನು ಕೂಡಿ ಆಡುವ ಜನರೇ ಚದುರಿಹೋದರು. "ತಮ್ಮವರೊಡನೆ ಕೂಡಿ" ಎಂಬ ಮಾತು ಅಂಥಲ್ಲಿ ಯಾವ ರಕ್ಷಣೆ ಕೊಡುತ್ತದೆ?

ಕೋಲಾರದ ವಕೀಲ

ನಿಮ್ಮ ತಕರಾರು ನ್ಯಾಯವಾದದ್ದು, ಅದಕ್ಕೆ ಪೂರ್ಣ ಉತ್ತರ ಆ ವಿಧಿಯಲ್ಲಿಲ್ಲ. ಅಲ್ಪಸಂಖ್ಯಾತರ ರಕ್ಷಣೆಯ ನೆಪದಲ್ಲಿ 1938ರಲ್ಲಿ ಹಿಟ್ಲರ್ ಚೆಕೊಸ್ಲೊವಾಕಿಯಾದಿಂದ ಜರ್ಮನ್ ಭಾಷಿಕರಿದ್ದ ಸುಡೆಟನ್ ಪ್ರದೇಶವನ್ನು ಕಿತ್ತುಕೊಂಡದ್ದನ್ನು ಕಂಡ ದೇಶಗಳು, ಯುದ್ಧದ ನಂತರ ಸಮುದಾಯಕ್ಕೆ ಹಕ್ಕು ಎಂದು ಬರೆಯಲು ಹಿಂಜರಿದವು. ಮೂಲನಿವಾಸಿಗಳ ವಿಷಯದಲ್ಲಿ ಮಾತ್ರ ವಿಶ್ವಸಂಸ್ಥೆಯ 2007ರ ಘೋಷಣೆ ಜನಸಮುದಾಯಗಳ ಹಕ್ಕನ್ನೇ ಹೇಳುತ್ತದೆ. ಭಾರತ ಅದರ ಪರವಾಗಿ ಮತ ಹಾಕಿದೆ.

ಬಾಗೇಪಲ್ಲಿಯ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞತೆಗಳು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧಿಸಲು ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುವ ನಮ್ಮ ಸಂವಿಧಾನದ 350ಎ ವಿಧಿಯನ್ನೂ ಅಲ್ಬೇನಿಯಾದ ಅಭಿಪ್ರಾಯವನ್ನೂ ಸೋಮವಾರ ಒಟ್ಟಿಗೆ ಓದಿಸುತ್ತೇನೆ. ಪಾವಗಡದ ಗುರುಗಳು ಒಪ್ಪಿದರೆ ಆ ಸ್ಲೇಟಿನ ಪ್ರಸಂಗವನ್ನೂ ಹೇಳುತ್ತೇನೆ.