ಗುಂಡಿ ಒತ್ತಿದರೂ ಉಸಿರಾಡದ ಹಳೆಯ ಲ್ಯಾಪ್‌ಟಾಪ್

ಪ್ರಶ್ನೆ: ಒಂಬತ್ತು ವರ್ಷ ಹಳೆಯ ಲ್ಯಾಪ್‌ಟಾಪ್. ಎಂಟು ತಿಂಗಳು ಮುಚ್ಚಿಟ್ಟಿದ್ದೆ. ಈಗ ಗುಂಡಿ ಒತ್ತಿದರೆ ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲ. ನೋಡಿದವರೊಬ್ಬರು "ಬೋರ್ಡ್ ಹೋಗಿದೆ, ಬಿಸಾಡಿ" ಎಂದರು. ಅಪ್ಪನ ಕೈಬರಹದ ಟಿಪ್ಪಣಿಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರಲ್ಲೇ ಇಟ್ಟಿದ್ದೇನೆ. ಬೇರೆಲ್ಲೂ ಪ್ರತಿಯಿಲ್ಲ. ಏನು ಮಾಡಲಿ?

ಉತ್ತರ (ಹಾರ್ಡ್‌ವೇರ್ ತಂತ್ರಜ್ಞ): ದಯವಿಟ್ಟು ಬಿಸಾಡಬೇಡಿ. ಟಿಪ್ಪಣಿಗಳು ಇರುವುದು ಡಿಸ್ಕಿನಲ್ಲಿ. ಡಿಸ್ಕನ್ನು ಬೋರ್ಡಿಗೇ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಗೆ) ಬೆಸೆದಿರುವ ಕೆಲವು ತೆಳು ಮಾದರಿಗಳನ್ನು ಬಿಟ್ಟರೆ, ಬೋರ್ಡ್ ಸತ್ತರೂ ಡಿಸ್ಕನ್ನು ಬಿಚ್ಚಿ ಓದಬಹುದು. ಇನ್ನು "ಬೋರ್ಡ್ ಹೋಗಿದೆ" ಎನ್ನುವುದು ರೋಗದ ಹೆಸರೇ ಅಲ್ಲ. ವಿದ್ಯುತ್ತು ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆ ಎಂದು ಹೇಳಿದರೆ ಮಾತ್ರ ಪರೀಕ್ಷೆ ಮಾಡಿದಂತೆ.

ಮೊದಲು ಬ್ಯಾಟರಿ ನೋಡಿ. ತಳಭಾಗ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಉಬ್ಬಿಲ್ಲವಾದರೆ ಅಡಾಪ್ಟರ್ ಕಿತ್ತು, ಬ್ಯಾಟರಿ ತೆಗೆದು (ಒಳಗಿದ್ದರೆ ಅದರ ಕನೆಕ್ಟರ್ ಬಿಡಿಸಿ) ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಗುಂಡಿಯನ್ನು ಕಾಯುವ ಪುಟ್ಟ ಚಿಪ್ ಒಂದಿದೆ. ಅದು ಕೆಲವೊಮ್ಮೆ ಸಿಕ್ಕಿಹಾಕಿಕೊಳ್ಳುತ್ತದೆ. ಉಳಿದ ಚಾರ್ಜ್ ಹರಿದುಹೋದರೆ ಹೊಸದಾಗಿ ಶುರುವಾಗುತ್ತದೆ. ಆಮೇಲೆ ಬ್ಯಾಟರಿ ಇಲ್ಲದೆ ಅಡಾಪ್ಟರ್ ಮಾತ್ರ ಹಾಕಿ ಪ್ರಯತ್ನಿಸಿ.

ಆಗಲೂ ಏಳದಿದ್ದರೆ ಮಲ್ಟಿಮೀಟರ್ (ವೋಲ್ಟ್ ಅಳೆಯುವ ಉಪಕರಣ) ಹಿಡಿಯಿರಿ. ಅಡಾಪ್ಟರಿನ ಚೀಟಿಯಲ್ಲಿ ಸಾಮಾನ್ಯವಾಗಿ 19 ಅಥವಾ 19.5 ವೋಲ್ಟ್ ಎಂದಿರುತ್ತದೆ. ಅಳತೆ ಅದರ ಆಸುಪಾಸಿನಲ್ಲೇ ಬರಬೇಕು. ಆದರೆ ಬಂದ ಮಾತ್ರಕ್ಕೆ ಅಡಾಪ್ಟರ್ ಚೆನ್ನಾಗಿದೆ ಎಂದು ನಂಬಬೇಡಿ. ಖಾಲಿ ಇದ್ದಾಗ ಸರಿಯಾದ ವೋಲ್ಟ್ ತೋರಿಸಿ, ಹೊರೆ ಬಿದ್ದೊಡನೆ ಕುಸಿಯುವ ಅಡಾಪ್ಟರುಗಳನ್ನು ನಾನು ಬಹಳ ನೋಡಿದ್ದೇನೆ. ಪಿನ್ನನ್ನು ಲ್ಯಾಪ್‌ಟಾಪಿಗೆ ಚುಚ್ಚಿದಾಗ ಅಡಾಪ್ಟರಿನ ದೀಪ ಏನು ಮಾಡುತ್ತದೆ ಎಂದು ಗಮನಿಸಿ ಬರೆಯಿರಿ.

ಪ್ರಶ್ನೆ ಕೇಳಿದವರು: 19.4 ವೋಲ್ಟ್ ಬಂತು. ಆದರೆ ಪಿನ್ ಚುಚ್ಚಿದ ಕ್ಷಣವೇ ದೀಪ ಆರುತ್ತದೆ. ಬ್ಯಾಟರಿ ತೆಗೆದರೂ ಹಾಗೆಯೇ.

ಉತ್ತರ: ಇದು ಒಳ್ಳೆಯ ಸುಳಿವು. ಅಡಾಪ್ಟರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಒಂದೋ ಅದು ಸೋತಿದೆ, ಇಲ್ಲವೇ ಲ್ಯಾಪ್‌ಟಾಪಿನೊಳಗೆ ಶಾರ್ಟ್ (ವಿದ್ಯುತ್ತು ಅಡ್ಡದಾರಿಯಲ್ಲಿ ನೇರ ಹರಿದುಹೋಗುವುದು) ಇದೆ. ಇದೇ ವೋಲ್ಟಿನ, ಇದೇ ಪಿನ್ನಿನ ಇನ್ನೊಂದು ಅಡಾಪ್ಟರನ್ನು ಒಮ್ಮೆ ಹಾಕಿ ನೋಡಿ. 65 ವ್ಯಾಟಿನ ಬದಲು 90 ವ್ಯಾಟಿನದಾದರೂ ಪರವಾಗಿಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ವೋಲ್ಟ್ ಮಾತ್ರ ಬದಲಾಗಬಾರದು. ಅದರ ದೀಪವೂ ಆರಿದರೆ ಜ್ಯಾಕಿನೊಳಗೆ ಟಾರ್ಚ್ ಬಿಟ್ಟು ಸುಟ್ಟ ಗುರುತು ಇದೆಯೇ ನೋಡಿ. ಅಲ್ಲಿ ಏನೂ ಕಾಣದಿದ್ದರೆ ಅಡಾಪ್ಟರಿನಿಂದ ಬರುವ ಮುಖ್ಯ ಹಾದಿಯ ಮೇಲೆ ಅನುಮಾನ. ಆ ಹಾದಿಯುದ್ದಕ್ಕೂ ಎಳ್ಳಿನ ಗಾತ್ರದ ಸೆರಾಮಿಕ್ ಕೆಪಾಸಿಟರುಗಳಿರುತ್ತವೆ (ಚಾರ್ಜನ್ನು ಹಿಡಿದಿಡುವ ಬಿಡಿಭಾಗಗಳು). ಒಂದೇ ಒಂದು ಒಳಗೊಳಗೇ ಬಿರುಕುಬಿಟ್ಟು ಶಾರ್ಟ್ ಆದರೂ ಇಡೀ ಯಂತ್ರ ಸತ್ತಂತೆ ಮಲಗುತ್ತದೆ. ಸೂಕ್ಷ್ಮದರ್ಶಕ, ಬಿಸಿಗಾಳಿಯ ಉಪಕರಣ ಇರುವವರು ಅದನ್ನು ಹುಡುಕಿ ಬದಲಿಸಬಲ್ಲರು. ಪದೇ ಪದೇ ಪಿನ್ ಚುಚ್ಚಿ ಪರೀಕ್ಷಿಸಬೇಡಿ.

ಇನ್ನೊಬ್ಬ ಸದಸ್ಯರು: ನನ್ನದರಲ್ಲಿ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಹೇರ್ ಡ್ರೈಯರಿನಿಂದ ಬೋರ್ಡ್ ಕಾಯಿಸಿದರೆ ಸರಿಹೋಗುತ್ತದೆಯಂತೆ, ನಿಜವೇ?

ಉತ್ತರ: ಖಂಡಿತ ಬೇಡ. ಕಾಯಿಸಿದ್ದರಿಂದ ಕೆಲವು ದಿನ ಎದ್ದು ಕುಳಿತರೂ ಬಿಟ್ಟುಹೋದ ಬೆಸುಗೆ ಮತ್ತೆ ಬಿಡುತ್ತದೆ, ಜೊತೆಗೆ ಸುತ್ತಲಿನ ಪ್ಲಾಸ್ಟಿಕ್ ಕನೆಕ್ಟರುಗಳು ಬಾಗುತ್ತವೆ. ಆಮೇಲೆ ರಿಪೇರಿ ಮಾಡುವವರ ಕೆಲಸ ದುಪ್ಪಟ್ಟಾಗುತ್ತದೆ. ನಿಮ್ಮ ತೊಂದರೆಯೇ ಬೇರೆ. ಕತ್ತಲಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕು ಚಿತ್ರ ಕಂಡರೆ ಹಿಂಬದಿಯ ಬೆಳಕು ಕೆಟ್ಟಿದೆ. ಕಾಣದಿದ್ದರೆ ಹೊರಗಿನ ಮಾನಿಟರ್ ಜೋಡಿಸಿ ನೋಡಿ. ಅದೂ ಕಪ್ಪಾಗಿದ್ದರೆ ವಿದ್ಯುತ್ ಪೂರ್ತಿ ತೆಗೆದು, ರ‍್ಯಾಮ್ (ತಾತ್ಕಾಲಿಕ ನೆನಪಿನ ಪಟ್ಟಿ) ಬಿಚ್ಚಿ, ಸಂಪರ್ಕದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಂದೊಂದೇ ಹಾಕಿ ಪರೀಕ್ಷಿಸಿ.

ಪ್ರಶ್ನೆ ಕೇಳಿದವರು: ಬೇರೆ ಅಡಾಪ್ಟರಿನ ದೀಪವೂ ಆರಿತು, ಜ್ಯಾಕ್ ಚೆನ್ನಾಗಿಯೇ ಕಾಣುತ್ತದೆ. 2.5 ಅಂಗುಲದ ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಕವಚದಲ್ಲಿ ಹಾಕಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದೆ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ಕೀಲಿ ಕೇಳುತ್ತಿದೆ! ನಾನು ಹಾಕಿದ ನೆನಪೇ ಇಲ್ಲ.

ಉತ್ತರ: ಗಾಬರಿಯಾಗಬೇಡಿ, ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಕೀಲಿ 48 ಅಂಕಿಗಳದ್ದು. ಅದೇ ಖಾತೆಯಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಕೀಲಿ ಇಲ್ಲದೆ ಬೇರೆ ಕಂಪ್ಯೂಟರಿನಲ್ಲಿ ಆ ಬೀಗ ತೆಗೆಯುವುದು ತಂತ್ರಜ್ಞನಿಗೂ ಬಹುತೇಕ ಅಸಾಧ್ಯ, ಆದ್ದರಿಂದ ಹಳೆಯ ಖಾತೆಗಳನ್ನೆಲ್ಲ ತಾಳ್ಮೆಯಿಂದ ಹುಡುಕಿ.

ಪ್ರಶ್ನೆ ಕೇಳಿದವರು: ಸಿಕ್ಕಿತು! ಹಳೆಯ ಇಮೇಲಿನ ಖಾತೆಯಲ್ಲಿತ್ತು. ಅಪ್ಪನ ಟಿಪ್ಪಣಿಗಳೆಲ್ಲ ತೆರೆಯುತ್ತಿವೆ.

ಉತ್ತರ: ಬಹಳ ಸಂತೋಷವಾಯಿತು. ಈಗಲೇ ಎರಡು ಬೇರೆ ಬೇರೆ ಕಡೆ ಪ್ರತಿ ಮಾಡಿ. ಅದು ಮುಗಿಯುವವರೆಗೆ ಆ ಡಿಸ್ಕಿಗೆ ಏನನ್ನೂ ಬರೆಯಬೇಡಿ. ಕೀಲಿಯನ್ನೂ ಕಾಗದದಲ್ಲಿ ಬರೆದಿಡಿ, ಬೋರ್ಡ್ ಬದಲಾದರೆ ಮತ್ತೆ ಕೇಳುತ್ತದೆ. ಆಮೇಲೆ ಡಿಸ್ಕ್ ಇಲ್ಲದೆ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಡಿ. ಕೊಡುವಾಗ "ಎರಡು ಅಡಾಪ್ಟರ್ ಹಾಕಿ ನೋಡಿದ್ದೇನೆ, ಎರಡರ ದೀಪವೂ ಆರಿತು, ಮುಖ್ಯ ಹಾದಿಯಲ್ಲಿ ಶಾರ್ಟ್ ಇರಬಹುದು" ಎಂದು ಹೇಳಿ.